ಮ್ಯಾಕ್ರೋ ಓಡಿಸಿದರೆ ತಾರೀಖು ಯಾಕೆ ಅದಲುಬದಲಾಗುತ್ತದೆ?

ಪ್ರಶ್ನೆ: ಮಂಡಿ ಲೆಕ್ಕದ ಎಕ್ಸೆಲ್ ಶೀಟಿಗೆ ಮ್ಯಾಕ್ರೋದಿಂದ (ಎಕ್ಸೆಲ್ ಒಳಗೆ ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ತಾರೀಖು ತುಂಬಿಸುತ್ತೇನೆ. 03/04/2024 ಹಾಕಿದರೆ ಮಾರ್ಚ್ 4 ಆಗುತ್ತದೆ. ಸೆಲ್ ಫಾರ್ಮ್ಯಾಟ್ ಬದಲಿಸಿದರೂ ಸರಿಹೋಗುತ್ತಿಲ್ಲ. ಏನು ಮಾಡಲಿ? – ಓದುಗರು, ಸಾಗರ

ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಉತ್ತರವೂ ಅದೇ: ಫಾರ್ಮ್ಯಾಟ್‌ನಿಂದ ತಾರೀಖು ಸರಿಹೋಗುವುದಿಲ್ಲ. ದಯವಿಟ್ಟು ಆ ನಂಬಿಕೆ ಬಿಡಿ.

ಎಕ್ಸೆಲ್ ತಾರೀಖನ್ನು ಇಟ್ಟುಕೊಳ್ಳುವುದು ಒಂದು ಸಂಖ್ಯೆಯಾಗಿ. 2024ರ ಏಪ್ರಿಲ್ 3 ಅಂದರೆ 45385, ಮಾರ್ಚ್ 4 ಅಂದರೆ 45355. ಫಾರ್ಮ್ಯಾಟ್ ಆ ಸಂಖ್ಯೆಯನ್ನು ತೋರಿಸುವ ರೀತಿ, ಅಷ್ಟೇ. ಅಡಿಕೆ ಚೀಲದ ಮೇಲೆ ಮೇಲ್ದರ್ಜೆಯ ‘ರಾಶಿ’ ಅಂತ ಬರೆದರೆ ಒಳಗಿನ ಕೆಳದರ್ಜೆಯ ಗೊರಬಲು ರಾಶಿಯಾಗುತ್ತದೆಯೇ? ನಂಬಿಕೆ ಬಾರದಿದ್ದರೆ ಸೆಲ್ಲನ್ನು ‘ಜನರಲ್’ ಮಾಡಿ ನೋಡಿ. 45355 ಕಂಡರೆ ಒಳಗಿರುವುದು ಮಾರ್ಚ್ 4, ಮೇಲೆ ಯಾವ ಫಾರ್ಮ್ಯಾಟ್ ಹಾಕಿದರೂ ಮಾರ್ಚ್ 4. ಬಡ್ಡಿ ಲೆಕ್ಕದಲ್ಲಿ 30 ದಿನ ಹೆಚ್ಚುಕಮ್ಮಿ, ಅದೂ ಹಿಂದಿನ ಆರ್ಥಿಕ ವರ್ಷಕ್ಕೆ ಸೇರಿಕೊಂಡು. ಸಂಖ್ಯೆ ಬಾರದೆ 13/04/2024 ಅಂತಲೇ ಉಳಿದರೆ ಅದು ತಾರೀಖೇ ಅಲ್ಲ, ಬರೀ ಅಕ್ಷರ.

ಕೈಯಲ್ಲಿ ಟೈಪ್ ಮಾಡಿದಾಗ ಸರಿ ಬರುತ್ತದಲ್ಲ ಅನ್ನುತ್ತೀರಿ. ಬರುತ್ತದೆ, ಆಗ ಎಕ್ಸೆಲ್ ನಿಮ್ಮ ವಿಂಡೋಸ್‌ನ ಪ್ರದೇಶದ ಸೆಟ್ಟಿಂಗ್ ನೋಡುತ್ತದೆ. ಮ್ಯಾಕ್ರೋ ಅಕ್ಷರವಾಗಿ ಕೊಟ್ಟ ತಾರೀಖನ್ನು ಸೆಲ್ ಓದುವುದು ಅಮೆರಿಕದ ಕ್ರಮದಲ್ಲಿ: ತಿಂಗಳು ಮೊದಲು, ದಿನ ಆಮೇಲೆ. 13ನೇ ತಿಂಗಳು ಇಲ್ಲವಾದ್ದರಿಂದ 12 ದಾಟಿದ ದಿನಗಳು ತಿರುಗುವುದಿಲ್ಲ. ಅದಕ್ಕೇ ಅರ್ಧ ಶೀಟು ಸರಿಯಾಗಿ ಕಾಣುವುದು, ತಪ್ಪು ತಿಂಗಳುಗಟ್ಟಲೆ ಕಣ್ಣಿಗೆ ಬೀಳದಿರುವುದು.

ಮಾಡಬೇಕಾದ್ದು ಇಷ್ಟು, ಎಲ್ಲ ಮ್ಯಾಕ್ರೋದೊಳಗಿನ ಆಜ್ಞೆಗಳಿಂದಲೇ. ತಾರೀಖಿನ ಅಕ್ಷರವನ್ನು ತುಂಡು ಮಾಡುವ ಸ್ಪ್ಲಿಟ್‌ನಿಂದ ದಿನ, ತಿಂಗಳು, ವರ್ಷ ಬೇರೆ ಮಾಡಿ, ಡೇಟ್‌ಸೀರಿಯಲ್(2024, 4, 3) ಅಂತ ವರ್ಷ ಮೊದಲಾಗಿ ಕೊಟ್ಟು, ಬಂದದ್ದನ್ನು ಸೆಲ್ಲಿಗೆ ಹಾಕಿ. ಫಾರ್ಮ್ಯಾಟ್ ಆಮೇಲೆ. ಅಕ್ಷರವನ್ನು ನೇರವಾಗಿ ತಾರೀಖು ಮಾಡುವ ಸಿಡೇಟ್ ಬೇಡ, ಅದು ಆಯಾ ಕಂಪ್ಯೂಟರಿನ ಸೆಟ್ಟಿಂಗ್ ನೋಡುತ್ತದೆ, ನಿಮ್ಮಲ್ಲಿ ಒಂದು ಉತ್ತರ, ಆಡಿಟರ್ ಹತ್ತಿರ ಇನ್ನೊಂದು. ಕೈಯಲ್ಲಿ ಹೊಡೆದ ಸಾಲು, ಮ್ಯಾಕ್ರೋ ತುಂಬಿದ ಸಾಲು ಈಗಾಗಲೇ ಬೆರೆತಿದ್ದರೆ ಚೀಟಿ ನೋಡಿ ತಿದ್ದದೆ ಬೇರೆ ದಾರಿಯಿಲ್ಲ.

ನೀವು ಕೇಳಿಲ್ಲ, ಆದರೂ ಸೊಸೈಟಿ ಸಾಲದ ಕಂತು ಲೆಕ್ಕ ಹಾಕುವವರಿಗೆ ಇದು ಬೇಕೇ ಬೇಕು. ಜನವರಿ 31ಕ್ಕೆ ಒಂದು ತಿಂಗಳು ಸೇರಿಸಲು ಡೇಟ್‌ಸೀರಿಯಲ್(2024, 2, 31) ಅಂದರೆ ಮಾರ್ಚ್ 2 ಬರುತ್ತದೆ. ತಿಂಗಳು ಕೂಡಿಸಲೆಂದೇ ಇರುವ ಆಜ್ಞೆ ಡೇಟ್‌ಆ್ಯಡ್ ಬಳಸಿದರೆ ಫೆಬ್ರವರಿ 29, ಅದು ಸರಿ. ಆದರೆ ಆ 29ಕ್ಕೇ ಮತ್ತೊಂದು ತಿಂಗಳು ಸೇರಿಸಿದರೆ ಮಾರ್ಚ್ 29 ಆಗುತ್ತದೆ, 31 ಅಲ್ಲ. ಹಾಗಾಗಿ ಪ್ರತಿ ಕಂತನ್ನೂ ಸಾಲ ಕೊಟ್ಟ ಮೂಲ ತಾರೀಖಿನಿಂದಲೇ ಎಣಿಸಿ: ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು ಅಂತ.