ಅಡ್ರಿನರ್ಜಿಕ್ ಔಷಧಗಳು: ಅಡ್ಡಪರಿಣಾಮದ ಪಟ್ಟಿ ಉರು ಹೊಡೆಯಬೇಡಿ

ಔಷಧಶಾಸ್ತ್ರದ ಈ ಅಧ್ಯಾಯದ, ಅಂದರೆ ಅಡ್ರಿನಾಲಿನ್ ರಿಸೆಪ್ಟರ್‌ಗಳ (ಔಷಧ ಬಂದು ಅಂಟುವ ಕೋಶದ ಗ್ರಾಹಕಗಳ) ಮೇಲೆ ಕೆಲಸ ಮಾಡುವ ಔಷಧಗಳ, ಅಡ್ಡಪರಿಣಾಮಗಳನ್ನು ಮೂರು ಸಲ ಬಾಯಿಪಾಠ ಮಾಡಿ ಮೂರು ಸಲವೂ ಮರೆತವನು ನಾನು. ಯಾವ ರಿಸೆಪ್ಟರ್ ಎಲ್ಲೆಲ್ಲಿದೆ ಅನ್ನೋದು ತಲೆಗೆ ಹತ್ತಿದ ಮೇಲೆ ಪಟ್ಟಿಯೇ ಬೇಡವಾಯಿತು.

1948ರಲ್ಲಿ ಔಷಧಶಾಸ್ತ್ರಜ್ಞ ಆಲ್ಕ್ವಿಸ್ಟ್ ಈ ರಿಸೆಪ್ಟರ್‌ಗಳನ್ನು ಆಲ್ಫಾ, ಬೀಟಾ ಎಂದು ವಿಂಗಡಿಸಿದರು. ಆಲ್ಫಾ-1 ಕೋಶದೊಳಗೆ ಕ್ಯಾಲ್ಸಿಯಂ ಏರಿಸಿ ರಕ್ತನಾಳವನ್ನು ಬಿಗಿಯುತ್ತದೆ. ಬೀಟಾ-1 ಹೃದಯದ್ದು, ಬೀಟಾ-2 ಮುಖ್ಯವಾಗಿ ಶ್ವಾಸನಾಳದ್ದು. ಎರಡೂ ಏರಿಸುವುದು ಸೈಕ್ಲಿಕ್ ಎಎಂಪಿ ಎಂಬ ಕೋಶದೊಳಗಿನ ಸಂದೇಶವಾಹಕವನ್ನೇ. ಹಾಗಾದರೆ ಹೃದಯ ಜೋರಾಗಿ ಬಡಿಯುವಾಗ ಶ್ವಾಸನಾಳ ಸಡಿಲವಾಗುವುದೇಕೆ? ನಾನು ಇಲ್ಲೇ ಬಹಳ ದಿನ ಸಿಕ್ಕಿಕೊಂಡಿದ್ದೆ. ಹೃದಯದಲ್ಲಿ ಅದು ಕ್ಯಾಲ್ಸಿಯಂ ಒಳಬರುವ ದಾರಿಯನ್ನು ಅಗಲಿಸುತ್ತದೆ. ಶ್ವಾಸನಾಳದಲ್ಲಿ ಸ್ನಾಯುವನ್ನು ಸಂಕುಚಿಸುವ ಮಯೋಸಿನ್ ಕೈನೇಸ್ ಕಿಣ್ವವನ್ನೇ ತಡೆಯುತ್ತದೆ.

ಈಗ ಬೀಟಾ-2 ಉದ್ದೀಪಿಸುವ ಆಸ್ತಮಾ ಔಷಧ ಸಾಲ್ಬುಟಮಾಲ್ ನೋಡಿ. ನೆಬ್ಯುಲೈಸರ್ ಮುಗಿದ ಮೇಲೆ ರೋಗಿಗೆ ಕೈ ಚಾಚಲು ಹೇಳಿ, ಬೆರಳುಗಳ ಮೇಲೊಂದು ಹಾಳೆ ಇಟ್ಟರೆ ಅದರ ಅಂಚು ಸಣ್ಣಗೆ ನಡುಗುವುದು ಕಾಣಬಹುದು. ಕೈಕಾಲಿನ ಸ್ನಾಯುಗಳಲ್ಲೂ ಬೀಟಾ-2 ಇದೆಯಲ್ಲ! ಅದೇ ಬೀಟಾ-2 ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಚುರುಕುಗೊಳಿಸಿ ರಕ್ತದ ಪೊಟ್ಯಾಸಿಯಂ ಅನ್ನು ಕೋಶದೊಳಕ್ಕೆ ಎಳೆಯುತ್ತದೆ. ಆಸ್ತಮಾ ರೋಗಿಗೆ ಇದು ತೊಂದರೆ. ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾದವರಿಗೆ ಇದೇ ಚಿಕಿತ್ಸೆ. ಎದೆ ಹೊಡೆದುಕೊಳ್ಳುವುದಕ್ಕೆ, ಬೀಟಾ-2ರಿಂದ ರಕ್ತನಾಳ ಹಿಗ್ಗಿದ್ದಕ್ಕೆ ಹೃದಯ ಕೊಡುವ ಪ್ರತಿಕ್ರಿಯೆಯೂ ಕಾರಣ, ಹೃದಯದಲ್ಲೇ ಇರುವ ಒಂದಿಷ್ಟು ಬೀಟಾ-2 ಕೂಡ.

ನಾರ್‌ಅಡ್ರಿನಾಲಿನ್ ಪರೀಕ್ಷಕರ ಮೆಚ್ಚಿನ ಬಲೆ. ಬೀಟಾ-1ನ್ನು ಉದ್ದೀಪಿಸುತ್ತದೆ, ಆದರೂ ನಾಡಿ ಇಳಿಯಬಹುದು! ಆಲ್ಫಾ-1ರಿಂದ ರಕ್ತದೊತ್ತಡ ಏರುತ್ತದೆ, ಒತ್ತಡ ಗ್ರಹಿಸುವ ಬ್ಯಾರೋರಿಸೆಪ್ಟರ್ ಎಚ್ಚೆತ್ತು ವೇಗಸ್ ನರದ ಮೂಲಕ ಹೃದಯಕ್ಕೆ ಲಗಾಮು ಹಾಕುತ್ತದೆ. ವೇಗಸ್‌ನ ಪರಿಣಾಮ ತಡೆಯುವ ಅಟ್ರೋಪಿನ್ ಮೊದಲೇ ಕೊಟ್ಟಿದ್ದರೆ ಲಗಾಮು ಬೀಳುವುದಿಲ್ಲ. ಡ್ರಿಪ್ ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಬೆಳ್ಳಗಾಗಿ ಕೊಳೆಯಬಹುದು. ಆಗ ಆಲ್ಫಾ ತಡೆಯುವ ಫೆಂಟೋಲಮೈನ್ ಚುಚ್ಚುತ್ತಾರೆ.

ಮೂಗಿನ ಕ್ಸೈಲೋಮೆಟಾಜೋಲಿನ್ ಹನಿ ಕೂಡ ರಕ್ತನಾಳವನ್ನೇ ಬಿಗಿಯುವುದು. ವಾರಗಟ್ಟಲೆ ಹಾಕಿದರೆ, ಬಿಟ್ಟೊಡನೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ.

ಆಲ್ಫಾ-2 ಉದ್ದೀಪಿಸುವ ಬಿಪಿ ಮಾತ್ರೆ ಕ್ಲೋನಿಡಿನ್ ಮಾತ್ರ ತಿರುಗಾಮುರುಗಾ. ಆಲ್ಫಾ-2 ನರತುದಿಯ ಬ್ರೇಕ್: ಅದನ್ನು ಒತ್ತಿದರೆ ನಾರ್‌ಅಡ್ರಿನಾಲಿನ್ ಕಡಿಮೆ ಹೊರಬರುತ್ತದೆ. ಮಿದುಳಿನಲ್ಲೂ ಅದೇ ಆಗಿ ಬಿಪಿ ಇಳಿಯುತ್ತದೆ, ಬಾಯಿ ಒಣಗುತ್ತದೆ, ನಿದ್ದೆ ಹತ್ತುತ್ತದೆ. ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಬ್ರೇಕ್ ತಪ್ಪಿ ಬಿಪಿ ಸರ್ರನೆ ಮೇಲೇರುತ್ತದೆ. ಆ ಹೊತ್ತಿಗೆ ಬೀಟಾ-1, ಬೀಟಾ-2 ಎರಡನ್ನೂ ತಡೆಯುವ ಪ್ರೊಪ್ರನೊಲಾಲ್ ಒಂದನ್ನೇ ಕೊಟ್ಟರೆ ರಕ್ತನಾಳ ಹಿಗ್ಗಿಸುವ ಬೀಟಾ-2 ಮುಚ್ಚಿ, ಆಲ್ಫಾ-1ಕ್ಕೆ ಎದುರಾಳಿಯೇ ಇಲ್ಲದೆ ಬಿಪಿ ಇನ್ನೂ ಏರುತ್ತದೆ.