ಬಾವಿಗೆ ಹೋಗೋ ದಾರಿ ಎಲ್ಲಿ ಬರೆದಿದೀರಿ?

ಹಾಸನದಲ್ಲಿ ಸಿವಿಲ್ ವಕೀಲನಾದ ನನ್ನ ಹತ್ತಿರ ಜಾಸ್ತಿ ಬರುವುದು ಪಾಲುಪಟ್ಟಿ. ಒಮ್ಮೆ ಅಣ್ಣ ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಕರಡು ಓದುತ್ತಿದ್ದೆ. ತೆಂಗಿನ ತೋಟ, ಗದ್ದೆ, ಮನೆ, ಎಲ್ಲಕ್ಕೂ ತಲೆಯಾಡಿಸಿದ ತಮ್ಮ ಸಹಿ ಹಾಕುವ ಹೊತ್ತಿಗೆ ಪೆನ್ನು ಕೆಳಗಿಟ್ಟ.

"ಬಾವಿಗೆ ಹೋಗೋ ದಾರಿ ಎಲ್ಲಿ ಬರೆದಿದೀರಿ ಸಾರ್?"

"ನಾನೇನು ಬೇಲಿ ಹಾಕ್ತೀನೇನೋ? ಈಗ ಸಹಿ ಹಾಕು, ಆಮೇಲೆ ಸೇರಿಸಿದ್ರಾಯ್ತು" ಅಂದರು ಅಣ್ಣ.

"ನಿನ್ನ ನಂಬ್ತೀನಣ್ಣ. ನಿನ್ನ ಮೊಮ್ಮಕ್ಕಳನ್ನ ಹೆಂಗೆ ನಂಬಲಿ?"

ಅಮೆರಿಕದಲ್ಲಿ ಹೊಸ ಸಂವಿಧಾನ ಒಪ್ಪಬೇಕೋ ಬೇಡವೋ ಎಂದು ನಡೆದ ಜಗಳವೂ ಇದೇ. 1787ರ ಸೆಪ್ಟೆಂಬರ್ 17ರಂದು ಫಿಲಡೆಲ್ಫಿಯಾದಲ್ಲಿ ಸಭೆ ಸೇರಿದ್ದ ರಾಜ್ಯಗಳ ಪ್ರತಿನಿಧಿಗಳಲ್ಲಿ 39 ಜನ ಕರಡಿಗೆ ಸಹಿ ಹಾಕಿದರು. ಅಲ್ಲಿವರೆಗೆ ರಾಜ್ಯಗಳನ್ನು ಒಟ್ಟಿಗೆ ಇಟ್ಟಿದ್ದ ಹಳೇ ಒಪ್ಪಂದ ತಿದ್ದಲು 13 ರಾಜ್ಯಗಳೂ ಒಪ್ಪಬೇಕಿತ್ತು. ಹೊಸ ಕರಡಿನಲ್ಲಿ 9 ಒಪ್ಪಿದರೆ ಸಾಕು ಎಂದು ತಾವೇ ಬರೆದುಕೊಂಡರು. ವಕೀಲನ ಕಣ್ಣಿಗೆ ಇದು ಸ್ವಲ್ಪ ಕೈಚಳಕವೇ.

ಆ ಸಭೆಯಲ್ಲೇ ಕೂತಿದ್ದ ವರ್ಜೀನಿಯಾದ ಪ್ರತಿನಿಧಿ ಜಾರ್ಜ್ ಮೇಸನ್ ಸಹಿ ಹಾಕಲಿಲ್ಲ. ಜನರ ಹಕ್ಕುಗಳ ಪಟ್ಟಿ ಎಲ್ಲಿದೆ ಅನ್ನುವುದು ಅವರ ದೊಡ್ಡ ತಕರಾರು. ಸರ್ಕಾರಕ್ಕೆ ಕೊಡದ ಅಧಿಕಾರ ಅದಕ್ಕೆ ಬರುವುದೇ ಇಲ್ಲ, ಹಕ್ಕು ಬೇರೆ ಯಾಕೆ ಬರೆಯಬೇಕು ಎಂದರು ಪರವಾಗಿದ್ದವರು. ಅಣ್ಣನ ಬೇಲಿ ಮಾತೇ ಅಲ್ವಾ?

ಮ್ಯಾಸಚೂಸೆಟ್ಸ್ 1788ರ ಫೆಬ್ರವರಿಯಲ್ಲಿ ಒಪ್ಪಿತು, ಪರ 187 ಮತ, ವಿರುದ್ಧ 168. ಸುಮ್ನೆ ಒಪ್ಪಲಿಲ್ಲ, ಬೇಕಾದ ತಿದ್ದುಪಡಿಗಳ ಪಟ್ಟಿಯನ್ನೂ ಜೊತೆಗೆ ಕಳಿಸಿತು. ಗಮನಿಸಿ, ಅದು ಷರತ್ತಲ್ಲ, ಬರೀ ಶಿಫಾರಸು. ಜೂನ್ 21ಕ್ಕೆ ನ್ಯೂ ಹ್ಯಾಂಪ್‌ಷೈರ್ ಒಂಬತ್ತನೆಯದಾಗಿ ಸೇರಿತು. ಲೆಕ್ಕ ಮುಗಿಯಿತು, ಆದರೆ ವರ್ಜೀನಿಯಾ, ನ್ಯೂಯಾರ್ಕ್ ಇಲ್ಲದ ದೇಶ ನಡುಗದ್ದೆ ಬಿಟ್ಟು ಮಾಡಿದ ಪಾಲು. ಅವೂ ಬಂದವು, ವರ್ಜೀನಿಯಾದಲ್ಲಿ ಪರ 89, ವಿರುದ್ಧ 79, ನ್ಯೂಯಾರ್ಕಿನಲ್ಲಿ ಪರ 30, ವಿರುದ್ಧ 27. ರೋಡ್ ಐಲೆಂಡ್ 1790ರವರೆಗೆ ಕಾಯಿಸಿತು, ಕೊನೆಗೆ ಪರ 34, ವಿರುದ್ಧ 32.

ಹಕ್ಕುಪಟ್ಟಿ ಬೇಕಿಲ್ಲ ಅಂದಿದ್ದವರಲ್ಲಿ, ಕರಡು ರೂಪಿಸಿದ ಪ್ರಮುಖರಾದ ಜೇಮ್ಸ್ ಮ್ಯಾಡಿಸನ್ ಒಬ್ಬರು. 1789ರಲ್ಲಿ ಅವರೇ ಅದನ್ನು ಕಾಂಗ್ರೆಸ್‌ನಲ್ಲಿ ಮಂಡಿಸಿದರು. 1791ರಲ್ಲಿ 10 ತಿದ್ದುಪಡಿಗಳು ಜಾರಿಗೆ ಬಂದವು. ಆದರೂ ನನ್ನ ಕಕ್ಷಿದಾರರಿಗೆ ನಾನು 'ಈಗ ಸಹಿ, ಆಮೇಲೆ ತಿದ್ದುಪಡಿ' ಎಂದು ಹೇಳುವುದಿಲ್ಲ. ಎಲ್ಲಾ ಅಣ್ಣಂದಿರೂ ಮ್ಯಾಡಿಸನ್ ಆಗಿರುವುದಿಲ್ಲ. ಆ ತಮ್ಮನ ಪತ್ರಕ್ಕೆ ಎಂಟು ಅಡಿ ಬಂಡಿದಾರಿ ಸೇರಿಸಿಯೇ ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತಿದೆವು.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಇದು ಉಲ್ಟಾ ಆಯಿತು. ಹೊಸ ಸಂವಿಧಾನ ಬೇಕು ಎಂದು 2020ರಲ್ಲಿ ಶೇ. 78ರಷ್ಟು ಮತ ಬಿತ್ತು. 388 ವಿಧಿಗಳ ಕರಡು ಕೈಗೆ ಬಂದಾಗ, 2022ರಲ್ಲಿ, ಸುಮಾರು ಶೇ. 62ರಷ್ಟು ಜನ ಬೇಡ ಅಂದರು. ಪಾಲು ಬೇಕು ಅನ್ನುವುದು ಬೇರೆ, ಇದೇ ಪಾಲು ಸಾಕು ಅನ್ನುವುದು ಬೇರೆ.

ಇದನ್ನೆಲ್ಲ ಸಂವಿಧಾನ ದಿನದಂದು ಇಲ್ಲಿನ ಕಾಲೇಜೊಂದರಲ್ಲಿ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಮ್ಮ ಸಂವಿಧಾನಕ್ಕೆ ನಮ್ಮ ಮುತ್ತಜ್ಜ ಓಟು ಹಾಕಿದ್ರಾ?"

ಇಲ್ಲಮ್ಮ ಎಂದೆ. ನಮ್ಮಲ್ಲಿ ಜನಮತ ನಡೆಯಲಿಲ್ಲ. 1949ರ ನವೆಂಬರ್ 26ರಂದು ಸಂವಿಧಾನ ಸಭೆಯೇ ಅಂಗೀಕರಿಸಿತು. ಹಾಸನ ಆಗ ಮೈಸೂರು ಸಂಸ್ಥಾನದ ಜಿಲ್ಲೆ. ಹಿಂದಿನ ದಿನವೇ ಜಯಚಾಮರಾಜ ಒಡೆಯರ್ ಘೋಷಣೆ ಹೊರಡಿಸಿ ಮೈಸೂರಿನ ಪರವಾಗಿ ಒಪ್ಪಿಕೊಂಡಿದ್ದರು.

"ತಿದ್ದುಪಡಿಗಾದ್ರೂ ನಮ್ಮನ್ನ ಕೇಳ್ತಾರಾ ಸರ್?"

368ನೇ ವಿಧಿ ತೆಗೆದು ತೋರಿಸಿದೆ. ತಿದ್ದುವುದು ಸಂಸತ್ತು, ಕೆಲವು ವಿಷಯಕ್ಕೆ ಮಾತ್ರ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. ಅವಳು ಎರಡು ಸಲ ಓದಿ, ಪುಟದ ಸಂಖ್ಯೆ ಬರೆದುಕೊಂಡು ಕೂತಳು.