ಫಿರಂಗಿ ಇಲ್ಲದೆ ಕೋಟೆ ಗೋಡೆ ಬೀಳಿಸಿದ್ದು ಹೇಗೆ?

ಪ್ರಶ್ನೆ: ಯೂರೋಪಿನ ಹಳೆಯ ಕೋಟೆಗಳ ಗೋಡೆ ಮೂರ್ನಾಲ್ಕು ಮೀಟರ್ ದಪ್ಪ ಇರುತ್ತಿತ್ತಂತೆ. ಫಿರಂಗಿ ಬರುವ ಮೊದಲು ಅದನ್ನು ಹೇಗೆ ಒಡೆಯುತ್ತಿದ್ದರು?

ಉತ್ತರ: ಎಷ್ಟೋ ಸಲ ಒಡೆಯುತ್ತಲೇ ಇರಲಿಲ್ಲ. ಸುತ್ತ ಬೀಡುಬಿಟ್ಟು, ಒಳಗಿನವರ ದವಸ ಮುಗಿಯುವವರೆಗೆ ಕಾಯುತ್ತಿದ್ದರು. ಕಾಯುವ ಪುರುಸೊತ್ತು ಇಲ್ಲದವರು ಗೋಡೆಯನ್ನು ಬಿಟ್ಟು ಅದರ ಬುಡಕ್ಕೆ ಕೈ ಹಾಕುತ್ತಿದ್ದರು.

ಇಂಗ್ಲೆಂಡಿನ ರೋಚೆಸ್ಟರ್ ಕೋಟೆಯನ್ನೇ ನೋಡಿ. 1215ರ ಶರತ್ಕಾಲದಲ್ಲಿ ಅದು ಬಂಡೆದ್ದ ಸರದಾರರ ಕೈಯಲ್ಲಿತ್ತು. ಮುತ್ತಿಗೆ ಹಾಕಿದವನು ರಾಜ ಜಾನ್. ಅದೇ ವರ್ಷದ ಜೂನ್‌ನಲ್ಲಿ, ರಾಜನ ಅಧಿಕಾರಕ್ಕೆ ಮಿತಿ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಒತ್ತಿದ್ದನಲ್ಲ, ಅವನೇ. ಒಳಗಿನ ಚೌಕ ಗೋಪುರದ ಎತ್ತರ ಸುಮಾರು 34 ಮೀಟರ್. ಕಲ್ಲೆಸೆಯುವ ಯಂತ್ರಗಳು ಎಷ್ಟು ಬಡಿದರೂ ಅದು ಜಗ್ಗಲಿಲ್ಲ.

ಆಗ ಸುರಂಗ ತೋಡಿಸಿದ. ಗೋಪುರದ ಒಂದು ಮೂಲೆಯ ತಳಪಾಯದ ಕೆಳಗೆ ಮಣ್ಣು, ಕಲ್ಲು ತೆಗೆಯುತ್ತಾ ಹೋಗುವುದು, ಮೇಲಿನ ಭಾರ ತಲೆ ಮೇಲೆ ಬೀಳದಂತೆ ಮರದ ಕಂಬ ಕೊಡುತ್ತಾ ಹೋಗುವುದು. ಸಾಕಷ್ಟು ಅಗೆದ ಮೇಲೆ ಕಂಬಗಳಿಗೆ ಬೆಂಕಿ. ಕಂಬ ಸುಟ್ಟರೆ ಗೋಡೆಗೆ ಆಧಾರವೇ ಇಲ್ಲ, ಅಲ್ವಾ? ನವೆಂಬರ್ 25ರಂದು ಜಾನ್ ಒಂದು ಆಜ್ಞೆ ಕಳಿಸಿದ: ತಿನ್ನಲು ಅಷ್ಟೇನೂ ಚೆನ್ನಾಗಿಲ್ಲದ, ಆದರೆ ಚೆನ್ನಾಗಿ ಕೊಬ್ಬಿದ 40 ಹಂದಿ ಬೇಗ ಕಳಿಸಿ. ಬೆಂಕಿ ಜೋರಾಗಿ ಹತ್ತಲು ಆ ಕೊಬ್ಬು ಬೇಕಿತ್ತು. ಯುದ್ಧದ ನಡುವೆಯೂ ರುಚಿಯಾದ ಹಂದಿಯನ್ನು ಉಳಿಸಿಕೊಳ್ಳುವ ಲೆಕ್ಕಾಚಾರ ನನಗಂತೂ ತಮಾಷೆ ಅನಿಸುತ್ತದೆ.

ಮೂಲೆ ಕುಸಿಯಿತು. ಆದರೂ ಕೋಟೆ ಕೈಗೆ ಬರಲಿಲ್ಲ! ಗೋಪುರದ ಮಧ್ಯೆ ಇನ್ನೊಂದು ಅಡ್ಡಗೋಡೆ ಇತ್ತು. ಒಳಗಿನವರು ಅದರ ಆಚೆ ಸರಿದು ಕಾದಾಡಿದರು. ಆ ಹೊತ್ತಿಗೆ ಕುದುರೆಗಳನ್ನೇ ತಿನ್ನುವ ಸ್ಥಿತಿ ಬಂದಿತ್ತು. ಕೊನೆಗೆ ನವೆಂಬರ್ 30ರಂದು ಶರಣಾದರು. ಸುರಂಗ ಅರ್ಧ ಕೆಲಸ ಮಾಡಿತು, ಉಳಿದರ್ಧ ಹಸಿವೇ ಮಾಡಿತು ಎನ್ನಬೇಕು.

ಚೌಕ ಗೋಪುರದ ಮೂಲೆಯಲ್ಲಿ ತೊಂದರೆ ಜಾಸ್ತಿ. ಮೂಲೆಗಲ್ಲು ಕಿತ್ತರೆ ಎರಡು ಕಡೆಯ ಗೋಡೆಯೂ ಸಡಿಲವಾಗುತ್ತದೆ. ಅಲ್ಲಿ ಅಗೆಯುವವರು ಮೇಲಿನ ಬಿಲ್ಲುಗಾರರಿಗೆ ಸರಿಯಾಗಿ ಕಾಣುವುದೂ ಇಲ್ಲ. ರೋಚೆಸ್ಟರ್‌ನಲ್ಲಿ ಬಿದ್ದ ಆಗ್ನೇಯ ಮೂಲೆಯನ್ನು ಆಮೇಲೆ ದುಂಡಗೆ ಕಟ್ಟಿದರು. ಇವತ್ತಿಗೂ ಮೂರು ಮೂಲೆ ಚೌಕ, ಒಂದು ದುಂಡು.

ಹಾಗಂತ ಎಲ್ಲ ಕಡೆ ಸುರಂಗ ನಡೆಯುತ್ತಿರಲಿಲ್ಲ. ಕೆಳಗೆ ಗಟ್ಟಿ ಬಂಡೆ ಇದ್ದರೆ ಅಗೆಯುವುದು ಮಹಾ ಕಷ್ಟ. ಸುತ್ತ ನೀರಿದ್ದರೆ ಸುರಂಗಕ್ಕೇ ನೀರು ನುಗ್ಗುತ್ತದೆ. 1268ರಲ್ಲಿ ಕಟ್ಟಲು ಶುರುವಾದ ವೇಲ್ಸ್‌ನ ಕೇರ್‌ಫಿಲಿ ಕೋಟೆಯ ಸುತ್ತ ಒಡ್ಡು ಹಾಕಿ ಕೆರೆಯಂತೆ ನೀರು ನಿಲ್ಲಿಸಿದ್ದರು. ಅಲ್ಲಿ ಸುರಂಗ ತೋಡುವ ಮಾತೇ ಇಲ್ಲ.